ಬಲಗಡೆಯ ಗಂಟು

"ಎಡದ್ದು ಆಯ್ತಾ?"

ಪಕ್ಕದ ಟೇಬಲ್ಲಿನಿಂದ ಓಡಿಬಂದ ಡಾಕ್ಟರ್ ನೂರುಲ್ಲಾ ಹೊಸ ಕೈಗವಸು ತೊಡುತ್ತ ಕೇಳಿದರು. ಅವರ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು.

"ಆಯ್ತು ಸರ್" ಎಂದಳು ಭಾಗ್ಯಶ್ರೀ.

ಅದು ಸುಳ್ಳಾಗಿರಲಿಲ್ಲ. ಎಡಗಡೆಯದು ಆಗಿತ್ತು. ಬಲಗಡೆಯದೂ ಆಗಿತ್ತು. ಬಲಗಡೆಯದರ ಬಗ್ಗೆ ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಇಬ್ಬರ ನಡುವೆ ಹಸಿರು ಬಟ್ಟೆಯ ಕೆಳಗೆ ಕೆಂದು ಬಣ್ಣದ ಹೆಣ್ಣುನಾಯಿಯೊಂದು ಮತ್ತಿನಲ್ಲಿ ಮಲಗಿತ್ತು. ಬೆಳಿಗ್ಗೆ ಸಿಂಗಾಪುರದ ಹಳೇ ಊರಿನ ಬೀದಿಯಲ್ಲಿ ಹಿಡಿದು ವ್ಯಾನಿನಲ್ಲಿ ತಂದ ನಾಯಿಗಳಲ್ಲಿ ಅದೂ ಒಂದು. ವಿದ್ಯಾರಣ್ಯಪುರ ದಾಟಿ ಬಡಾವಣೆಗಳ ಅಂಚಿಗೆ ಬಂದರೆ ಸಿಗುವ ಆ ಕೇಂದ್ರವನ್ನು ಒಂದು ಟ್ರಸ್ಟ್ ನಡೆಸುತ್ತಿತ್ತು. ಸುತ್ತಲಿನ ಬೀದಿನಾಯಿಗಳಿಗೆ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿ, ಗಾಯ ಮಾಯುವ ತನಕ ಇಟ್ಟುಕೊಂಡು, ಹಿಡಿದ ಜಾಗದಲ್ಲೇ ಬಿಟ್ಟುಬರುವುದು ಅಲ್ಲಿಯ ಕೆಲಸ. ಹೊಟ್ಟೆಯೊಳಗೆ ಎಡಕ್ಕೊಂದು ಬಲಕ್ಕೊಂದು ಅಂಡಾಶಯ. ಅದನ್ನು ಕತ್ತರಿಸುವ ಮೊದಲು ಅದಕ್ಕೆ ರಕ್ತ ತರುವ ನಾಳವನ್ನು ದಾರದಿಂದ ಬಿಗಿಯಾಗಿ ಕಟ್ಟಬೇಕು. ಇಡೀ ಶಸ್ತ್ರಚಿಕಿತ್ಸೆ ನಿಂತಿರುವುದೇ ಆ ಎರಡು ಗಂಟುಗಳ ಮೇಲೆ. ಬಲಗಡೆಯದು ಪಕ್ಕೆಲುಬಿನ ಕಡೆಗೆ, ಆಳದಲ್ಲಿ ಅಡಗಿರುತ್ತದೆ, ಸುಲಭವಾಗಿ ಕೈಗೆ ಸಿಗುವುದಿಲ್ಲ. ಹಾಗಾಗಿ ಬಲಗಡೆ ನೂರುಲ್ಲಾ ಅವರದು, ಎಡಗಡೆ ಭಾಗ್ಯಶ್ರೀಯದು. ಅವಳು ಸೇರಿದಾಗಿನಿಂದ ನಡೆದುಬಂದ ರೂಢಿ ಅದು. ಎದುರುಬದುರು ನಿಂತು, ಒಬ್ಬರ ಕೈ ಇನ್ನೊಬ್ಬರು ನೋಡುತ್ತ ಕೆಲಸ ಮಾಡುವುದು. ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಐದು ವರ್ಷ ಓದಿದ್ದಕ್ಕಿಂತ ಹೆಚ್ಚನ್ನು ಈ ಟೇಬಲ್ಲಿನ ಈಚೆ ನಿಂತೇ ಕಲಿತೆ ಎಂದು ಅವಳು ಗಂಡನಿಗೆ ಹೇಳುವುದಿತ್ತು.

ಆ ದಿನ ಕೆಂದು ನಾಯಿಯ ಬಲಗಡೆಯ ನಾಳಕ್ಕೆ ನೂರುಲ್ಲಾ ರಕ್ತ ತಡೆಯುವ ಚಿಮುಟ ಹಾಕಿದ್ದರಷ್ಟೇ, ದಾರ ಕಟ್ಟಿರಲಿಲ್ಲ. ಪಕ್ಕದ ಟೇಬಲ್ಲಿನಿಂದ ಮುಖ್ಯ ವೈದ್ಯೆ ಯಶೋಧಾ ಕೂಗಿಕೊಂಡರು, "ಸರ್, ಇದು ಉಸಿರಾಡ್ತಿಲ್ಲ!" ನೂರುಲ್ಲಾ ಅವರು "ಇರು ಬೇಟಾ, ಬಂದೆ" ಎಂದವರೇ ಅತ್ತ ಹೋದರು.

ಭಾಗ್ಯಶ್ರೀ ಚಿಮುಟ ಹಿಡಿದು ನಿಂತಳು. ಅತ್ತ ಇಬ್ಬರೂ ಸೇರಿ ಆ ನಾಯಿಯ ಎದೆ ಒತ್ತುತ್ತಿದ್ದರು. ಇತ್ತ ಈ ನಾಯಿಯ ಮತ್ತು ಇಳಿದೀತು, ಕಾಯುತ್ತ ನಿಲ್ಲುವುದು ಒಳ್ಳೆಯದಲ್ಲ ಎಂದು ಅವಳಿಗೆ ಅನ್ನಿಸಿತು. ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ ಕಾರಣವೂ ಅದೇ. ಆದರೆ ಬಲಗಡೆಯದನ್ನು ಒಮ್ಮೆ ತಾನೇ ಕಟ್ಟಿ ನೋಡಬೇಕು ಎಂಬ ಆಸೆ ಅವಳಲ್ಲಿ ಬಹಳ ದಿನಗಳಿಂದ ಇತ್ತು. ದಾರ ತೆಗೆದುಕೊಂಡಳು, ಸುತ್ತಿದಳು, ಎಳೆದಳು, ಅಂಡಾಶಯ ಕತ್ತರಿಸಿದಳು. ಚಿಮುಟ ಬಿಟ್ಟಾಗ ದಾರ ಕೊಬ್ಬಿನ ಮೇಲೆ ಒಂದು ಕೂದಲೆಳೆಯಷ್ಟು ಸರಿದಂತೆ ಬೆರಳ ತುದಿಗೆ ಅನ್ನಿಸಿತು. ಅನುಮಾನ ಬಂದರೆ ಇನ್ನೊಂದು ಗಂಟು ಹಾಕಬೇಕು, ನೂರುಲ್ಲಾ ದಿನಾ ಹೇಳುವ ಮಾತು ಅದು. ಅವಳು ಕಣ್ಣಿಟ್ಟು ನೋಡಿದಳು. ರಕ್ತ ಜಿನುಗಲಿಲ್ಲ. ಅವರು ಬರುವುದರೊಳಗೆ ಮುಗಿಸಬೇಕೆಂಬ ಅವಸರದಲ್ಲಿ ನಾಳವನ್ನು ಒಳಕ್ಕೆ ಬಿಟ್ಟಳು. ಎಡಗಡೆಯದನ್ನು ಎಂದಿನಂತೆ ಮಾಡಿದಳು.

ಅಷ್ಟರಲ್ಲಿ ಅತ್ತಲಿನ ನಾಯಿ ಉಸಿರೆಳೆದುಕೊಂಡಿತ್ತು. ಯಶೋಧಾ ನಗುತ್ತ ಅಳುತ್ತ ಗೋಡೆಗೊರಗಿದ್ದರು. ನೂರುಲ್ಲಾ ಬಂದು ಎಡಗಡೆಯದನ್ನಷ್ಟೇ ಕೇಳಿದರು. ಬಲಗಡೆಯದನ್ನು ತಾವೇ ಕಟ್ಟಿ ಹೋದೆವೆಂದು ಅವರ ಮನಸ್ಸು ಆ ಗಡಿಬಿಡಿಯಲ್ಲಿ ಲೆಕ್ಕ ಹಾಕಿಬಿಟ್ಟಿತ್ತು. ಒಳಗೆ ಬಗ್ಗಿ ನೋಡಿ, "ರಕ್ತ ಇಲ್ಲ. ಹೊಲಿ" ಎಂದರು.

ಮರುದಿನ ಬೆಳಿಗ್ಗೆ ಭಾಗ್ಯಶ್ರೀ ಗೇಟಿನೊಳಗೆ ಕಾಲಿಡುತ್ತಿದ್ದಂತೆ, ವ್ಯಾನ್ ಓಡಿಸುವ, ಗೂಡುಗಳನ್ನು ನೋಡಿಕೊಳ್ಳುವ ಆಂಜಿನಪ್ಪ ಎದುರು ಬಂದ.

"ಮೇಡಂ, ಆ ಕೆಂದ ಓಗ್ಬುಟ್ಟದೆ. ರಾತ್ರಿ ಒಂದೆಲ್ಡು ಸಲ ಕುಂಯ್ ಅಂತು. ನೋವಿಗೆ ಅಂದ್ಕೊಂಡೆ. ಬೆಳಿಗ್ಗೆ ನೋಡಿದ್ರೆ ತಣ್ಣಗಾಗಿ ಬಿದ್ದದೆ."

ಅವಳ ಕೈಯಲ್ಲಿದ್ದ ಊಟದ ಡಬ್ಬಿಯ ಚೀಲ ಇದ್ದಕ್ಕಿದ್ದಂತೆ ಭಾರವೆನಿಸಿತು.

ಆ ಕೇಂದ್ರದಲ್ಲಿ ಪ್ರತಿ ಶನಿವಾರ ಕೆಲಸ ಮುಗಿದ ಮೇಲೆ ಎಲ್ಲರೂ ಹಿಂದಿನ ಹೊಂಗೆ ಮರದ ಕೆಳಗೆ ಚಹಾ ಹಿಡಿದು ಕೂರುವುದಿತ್ತು. ಆ ವಾರ ತನ್ನಿಂದ ಏನು ತಪ್ಪಾಯಿತು ಎಂದು ಒಬ್ಬೊಬ್ಬರೂ ಹೇಳಬೇಕು. ಬೈಯುವಂತಿಲ್ಲ, ನಗುವಂತಿಲ್ಲ, ಹೀಗಾಗದಂತೆ ಏನು ಮಾಡಬಹುದು ಎಂದಷ್ಟೇ ಮಾತು. ಅದನ್ನು ಶುರು ಮಾಡಿದವರು ನೂರುಲ್ಲಾ. ಮೂವತ್ತು ವರ್ಷ ಬೇರೆ ಬೇರೆ ಕಡೆ ಕೆಲಸ ಮಾಡಿ ಬಂದವರು, ತಮ್ಮ ಕೈಯಲ್ಲಿ ಸತ್ತ ಒಂದು ಕುದುರೆಯ ಕತೆಯನ್ನು ಮೊದಲ ಶನಿವಾರ ತಾವೇ ಹೇಳಿದ್ದರಂತೆ. ಅದಾದ ಮೇಲೆ ಯಾರಿಗೂ ಬಾಯಿ ಬಿಡಲು ಸಂಕೋಚವಾಗಲಿಲ್ಲ. ಭಾಗ್ಯಶ್ರೀಯೂ ಎಷ್ಟೋ ಸಲ ಹೇಳಿದ್ದಳು: ಔಷಧಿಯ ಪ್ರಮಾಣ ತಪ್ಪಿದ್ದು, ಹೊಲಿಗೆ ಬಿಚ್ಚಿಕೊಂಡಿದ್ದು. ಹೇಳಿದ ಮೇಲೆ ಹಗುರವಾಗಿ, ಚಹಾ ಇನ್ನೊಂದು ಲೋಟ ಕೇಳಿ ಕುಡಿದಿದ್ದಳು.

ಅಂದೂ ಶನಿವಾರ. ಬೆಳಿಗ್ಗೆಯೇ ಕೆಂದು ನಾಯಿಯ ಹೊಟ್ಟೆಯನ್ನು ಮತ್ತೆ ತೆರೆದು ನೋಡಿದರು. ಒಳಗೆ ರಕ್ತ ತುಂಬಿ ಹೆಪ್ಪುಗಟ್ಟಿತ್ತು. ನೂರುಲ್ಲಾ ಅದನ್ನೆಲ್ಲ ಒರೆಸಿ ತೆಗೆದು ಎಡಗಡೆಯ ಗಂಟನ್ನು ತೋರಿಸಿದರು. ಅದು ಕಚ್ಚಿ ಹಿಡಿದು ಕೂತಿತ್ತು. ಬಲಗಡೆಯದರಲ್ಲಿ ದಾರ ಕಳಚಿ, ಉಂಗುರದಂತೆ ಸುಮ್ಮನೆ ಪಕ್ಕದಲ್ಲಿ ಬಿದ್ದಿತ್ತು.

"ಬಲಗಡೆ. ನನ್ನ ಗಂಟು" ಎಂದರು ನೂರುಲ್ಲಾ.

"ನೀವು ಆ ಹೊತ್ತಲ್ಲಿ ನನ್ ಟೇಬಲ್‌ಗೆ ಬಂದಿದ್ರಿ ಅಲ್ವಾ ಸರ್?" ಎಂದು ಯಶೋಧಾ ಕೇಳಿದರು.

"ಕಟ್ಟೇ ಬಂದಿದ್ದು. ಅವಸರದಲ್ಲಿ ಕಟ್ಟಿದೀನಿ. ನಂದೇ."

ಅವರು ಯಾರನ್ನೋ ಕಾಪಾಡಲು ಹೇಳಿದ ಮಾತಲ್ಲ ಅದು. ನಿಜವಾಗಿ ಹಾಗೆಂದೇ ನಂಬಿದ್ದರು. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಭಾಗ್ಯಶ್ರೀ ಬಾಯಿ ತೆರೆದಳು. ಆ ತಿಂಗಳ ಕೊನೆಗೆ ಅವಳಿಗೆ ಒಬ್ಬಳೇ ಶಸ್ತ್ರಚಿಕಿತ್ಸೆ ಮಾಡಲು ಟೇಬಲ್ ಕೊಡುವುದಾಗಿ ಯಶೋಧಾ ಹೇಳಿದ್ದರು. ಅದು ನೆನಪಾಯಿತು. ಅಷ್ಟರಲ್ಲಿ ನೂರುಲ್ಲಾ ನಾಯಿಯ ಹೊಟ್ಟೆಯ ಮೇಲೆ ಬಟ್ಟೆ ಎಳೆದರು. ನೂರುಲ್ಲಾ ಅವರ ಹೆಗಲು ಮುಟ್ಟಿ ಯಶೋಧಾ ಹೊರಗೆ ಹೋದರು. ಹೇಳಬೇಕಾಗಿದ್ದ ಹೊತ್ತು ಹಾಗೆ ಕಳೆದುಹೋಯಿತು. ಸಂಜೆ ಮರದ ಕೆಳಗೆ ಅವಳ ಸರದಿ ಬಂದಾಗ, "ಈ ವಾರ ನಂದೇನೂ ಇಲ್ರೀ" ಎಂದಳು.

ಜೊತೆಗೆ ಹಿಡಿದ ನಾಯಿಗಳೆಲ್ಲ ಬೀದಿಗೆ ಮರಳಿ ಎರಡು ದಿನವಾದರೂ ತನ್ನದು ಬಾರದಿದ್ದುದನ್ನು ಕಂಡು ಮಾರಕ್ಕ ಬಂದಳು. ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮುದುಕಿ. ಮಕ್ಕಳು ಹಳೇ ಮನೆ ಕೆಡವಿ ಮೂರು ಅಂತಸ್ತು ಕಟ್ಟಿ, ಮೇಲಿನವನ್ನು ಬಾಡಿಗೆಗೆ ಕೊಟ್ಟಿದ್ದರು. ಕೆಳಗೆ ರಸ್ತೆಗೆ ತಾಗಿದ ಜಗುಲಿಯ ಮೇಲೆ ಮಾರಕ್ಕ, ಜಗುಲಿಯ ಕೆಳಗೆ ಆ ನಾಯಿ.

"ಕೆಂಚಿ ಎಲ್ಲಿ? ಬಾಕಿ ಎಲ್ಲಾ ಬಂದವೆ, ನನ್ ಕೆಂಚಿ ಬಂದಿಲ್ಲ" ಎಂದು ಗೇಟಿನ ಹತ್ತಿರ ಜೋರಾಗಿ ಕೇಳಿದಳು.

ಆಂಜಿನಪ್ಪ ತಲೆ ತಗ್ಗಿಸಿದ. ನೂರುಲ್ಲಾ ತಾವಾಗಿಯೇ ಹೋಗಿ ಮುಂದೆ ನಿಂತರು. "ಅಮ್ಮಾ, ಉಳೀಲಿಲ್ಲ. ಆಪರೇಷನ್‌ನಲ್ಲಿ ನನ್ನ ಕೈ ತಪ್ತು. ತಪ್ಪಾಯ್ತು" ಎಂದರು.

ಮಾರಕ್ಕ ಅವರ ಕಡೆ ಕೈ ಮಾಡಿ ಕೂಗಿದಳು.

"ತಪ್ಪಾಯ್ತು ಅಂದ್ಬುಟ್ರೆ ಆಗೋಯ್ತಾ? ಯಾರ್ ಕರುದ್ರು ನಿಮ್ಮ? ನಾನ್ ಕರುದ್ನಾ? ಬೆಳಿಗ್ಗೆ ಮುದ್ದೆ ಇಕ್ಕಿ ಒಳೀಕ್ ಓಗಿ ಬರೋ ಒತ್ಗೆ ಎತ್ಕೊಂಡ್ ಓಗಿದೀರಿ. ಮಗೀನಂಗೆ ಬಿದ್ದಿರ್ತಿತ್ತು ಕಣಯ್ಯ ಮೂಕಪ್ರಾಣಿ. ನಿನ್ ಕೈ ಸೇದೋಗ!"

ಕೈ ಸೆಡೆತು ಹೋಗಲಿ ಎಂಬ ಆ ಶಾಪಕ್ಕೂ ನೂರುಲ್ಲಾ ತಲೆಬಾಗಿದರು. ಅವಳು ಬೈದು ದಣಿದು, ಸೆರಗಿನಿಂದ ಮೂಗು ಒರೆಸಿಕೊಂಡು ತಿರುಗಿ ಹೋಗುವ ತನಕ ಕೈಕಟ್ಟಿ ನಿಂತಿದ್ದರು. ಅವರ ಹಿಂದೆ ಭಾಗ್ಯಶ್ರೀ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು.

ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ವಿಜಯಕುಮಾರನೂ ಅವಳಂತೆಯೇ ಗದಗಿನ ಕಡೆಯವನು. ಮಾಕಳಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಅವನು ರೊಟ್ಟಿ ಮುರಿಯುತ್ತ ಯೋಚಿಸಿದ.

"ಅವ್ರ ನಂದು ಅಂದಾರ ಅಂದ್ಮ್ಯಾಲ ನೀ ಯಾಕ ತಲಿ ಕೆಡಿಸ್ಕೋತಿ? ಅವ್ರಿಗೇನೂ ಆಗಾಂಗಿಲ್ಲ. ಹಿರೇರದಾರ. ನೀ ಹೊಸಾಕಿ, ನಿಂದ ಅಂತ ಗೊತ್ತಾದ್ರ ಟೇಬಲ್ ಕೊಡಾಂಗಿಲ್ಲ. ಬಿಡು, ಬರೇ ನಾಯಿ ಹೌದಲ್ಲ."

"ನಾಯಿ ಹೌದು" ಎಂದಳು. ಅವನು ಹೇಳಿದ್ದು ಸಮಾಧಾನ ತರಲಿಲ್ಲ, ಆದರೆ ಸುಮ್ಮನಿರಲು ಅದೊಂದು ಆಸರೆಯಾಯಿತು.

ನೂರುಲ್ಲಾ ಅವರಿಗೆ ಏನೂ ಆಗುವುದಿಲ್ಲ ಎಂಬ ಮಾತು ಮಾತ್ರ ಸುಳ್ಳಾಯಿತು.

ಮೊದಲು ಅವರು ನಿಧಾನವಾದರು. ಕಣ್ಣು ಮುಚ್ಚಿಯೂ ಕಟ್ಟಬಲ್ಲವರು, ಕಟ್ಟಿದ ಮೇಲೆ ಮತ್ತೆ ಮತ್ತೆ ಬಗ್ಗಿ ನೋಡತೊಡಗಿದರು. ಒಂದು ಸಾಕಾಗುವ ಕಡೆ ಎರಡು ಗಂಟು, ಎರಡರ ಮೇಲೆ ಮೂರನೆಯದು. ಮಧ್ಯಾಹ್ನ ಊಟವಾದ ಮೇಲೆ ಬೆಂಚಿನ ತುದಿಗೆ ದಾರ ಸಿಕ್ಕಿಸಿಕೊಂಡು ಕಾಲೇಜು ಹುಡುಗರಂತೆ ಗಂಟು ಹಾಕಿ ಬಿಚ್ಚಿ ಅಭ್ಯಾಸ ಮಾಡುತ್ತಿದ್ದರು. ಒಂದು ದಿನ ಭಾಗ್ಯಶ್ರೀಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಬೇಟಾ, ನೀನು ಎದುರಿಗೇ ನಿಂತಿದ್ದೆ. ನಾನು ಕಟ್ಟೋದನ್ನ ನೋಡಿರ್ತೀಯ. ಎಲ್ಲಿ ತಪ್ದೆ ಹೇಳು. ನನಗೆ ಎಷ್ಟ್ ನೆನಪು ಮಾಡ್ಕೊಂಡ್ರೂ ಆ ಗಂಟು ಕಣ್ಣಿಗೆ ಬರ್ತಿಲ್ಲ. ಬಾಕಿ ಎಲ್ಲಾ ಬರತ್ತೆ. ಅದೊಂದೇ ಬರಲ್ಲ."

ಅವರು ಕಟ್ಟದೇ ಇದ್ದ ಗಂಟು ಅವರ ಕಣ್ಣಿಗೆ ಬರುವುದಾದರೂ ಹೇಗೆ? ಅವರು ಕಾಯುತ್ತಿದ್ದರು. ಕಣ್ಣುಗಳಲ್ಲಿ ಗದರಿಕೆಯಿರಲಿಲ್ಲ, ಪಾಠ ಕೇಳಲು ಕೂತವರ ಗಮನವಿತ್ತು.

"ಕೊಬ್ಬು ಭಾಳ ಇತ್ರಿ ಸರ್, ಆ ನಾಯಿಗೆ" ಎಂದಳು. "ಅದರ ಮ್ಯಾಲ ದಾರ ಸರದಿರಬೇಕು."

"ಕೊಬ್ಬು" ಎಂದರು ನೂರುಲ್ಲಾ. ಹೌದೆನ್ನುವಂತೆ ತಲೆಯಾಡಿಸಿದರು. "ಮುದ್ದೆ ತಿಂದು ಬೆಳೆದಿತ್ತಲ್ಲ. ಸರಿ, ಸರಿ. ನೋಡು, ನನಗೆ ಇದು ಹೊಳೀಲೇ ಇಲ್ಲ."

ಅದಾದ ಮೇಲೆ ಮೈತುಂಬಿದ ನಾಯಿ ಟೇಬಲ್ಲಿಗೆ ಬಂದರೆ ಅವರ ಮುಖ ಬದಲಾಗುತ್ತಿತ್ತು. "ಕೊಬ್ಬಿದೆ" ಎಂದು ಮೆಲ್ಲಗೆ ಹೇಳಿಕೊಳ್ಳುವರು. ದಾರ ಹಿಡಿದ ಬೆರಳು ಸಣ್ಣಗೆ ನಡುಗುವುದನ್ನು ಅವಳು ಕಂಡಳು. ಕಟ್ಟಿಯಾದ ಮೇಲೆ ಕೈ ತೆಗೆದು, "ನೀನೊಂದ್ಸಲ ನೋಡ್ಬಿಡು" ಎನ್ನುವರು. ಅವಳು ಬಗ್ಗಿ ನೋಡಿ, ಎಳೆದು, "ಗಟ್ಟಿ ಅದ ಸರ್" ಎನ್ನುವಳು. ತನಗೆ ಗಂಟು ಹಾಕಲು ಕಲಿಸಿದವರ ಗಂಟಿಗೆ ತಾನು ಒಪ್ಪಿಗೆ ಕೊಡುತ್ತಿದ್ದ ಆ ಗಳಿಗೆಗಳಲ್ಲಿ ಅವಳು ತಲೆಯೆತ್ತದೆ ಮುಂದಿನ ದಾರ ತೆಗೆಯುತ್ತಿದ್ದಳು. ಮನೆಗೆ ಹೋಗುವಾಗ ಬಸ್ಸಿನಲ್ಲಿ, ನಾಳೆ ಹೇಳುತ್ತೇನೆ ಎಂದುಕೊಳ್ಳುವಳು. ನಾಳೆ ಅವರು ನಗುತ್ತ ಸಿಕ್ಕರೆ, ಇವತ್ತು ಚೆನ್ನಾಗಿದ್ದಾರೆ, ಯಾಕೆ ಕೆದಕಲಿ ಎಂದುಕೊಳ್ಳುವಳು. ಮಂಕಾಗಿ ಸಿಕ್ಕರೆ, ಇವತ್ತು ಬೇಡ ಎಂದುಕೊಳ್ಳುವಳು.

ಕೊನೆಗೊಂದು ಶನಿವಾರ ಮರದ ಕೆಳಗೆ ನೂರುಲ್ಲಾ ಲೋಟ ಕೆಳಗಿಟ್ಟು ಹೇಳಿದರು, "ನಾನು ಸೋಮವಾರದಿಂದ ಬೀದಿನಾಯಿಗಳಿಗೆ ರೇಬೀಸ್ ಇಂಜೆಕ್ಷನ್ ಹಾಕೋ ವ್ಯಾನ್ ಜೊತೆ ಹೋಗ್ತೀನಿ. ಟೇಬಲ್ ಸಾಕು. ಮೊದಲನೇ ಟೇಬಲ್ ಭಾಗ್ಯಾಗೆ ಕೊಡಿ ಯಶೋಧಾ. ಅವಳ ಕೈ ಚೆನ್ನಾಗಿದೆ."

"ಏನ್ ಸರ್ ಇದು? ಒಂದು ನಾಯಿಗೋಸ್ಕರ?" ಎಂದರು ಯಶೋಧಾ.

"ಒಂದು ಅಂತಲ್ಲ. ಇಷ್ಟು ದಿನ ಕೈ ತಾನಾಗೇ ಕೆಲಸ ಮಾಡ್ತಿತ್ತು. ಈಗ ನಾನು ಅದನ್ನ ಕಾವಲು ಕಾಯ್ಬೇಕು. ಕಾವಲು ಕಾಯ್ಕೊಂಡು ಆಪರೇಷನ್ ಮಾಡಕ್ಕಾಗಲ್ಲ ಕಣ್ರೀ."

ಎಲ್ಲರೂ ಭಾಗ್ಯಶ್ರೀಯತ್ತ ನೋಡಿ ನಕ್ಕರು. ಆಂಜಿನಪ್ಪ, "ಮೇಡಂ, ಸ್ವೀಟ್ ಕೊಡ್ಸಬೇಕು" ಎಂದ. ಅವಳು ಎದ್ದು ಕೈತೊಳೆಯುವ ನೆಪದಲ್ಲಿ ಒಳಗೆ ಹೋದಳು.

ನೂರುಲ್ಲಾ ಒಳಗೆ ಬಂದಾಗ ಅವಳು ನಲ್ಲಿ ಬಿಟ್ಟುಕೊಂಡು ನಿಂತೇ ಇದ್ದಳು. ಅವರು ತಮ್ಮ ಕನ್ನಡಕ ಒರೆಸುತ್ತ, "ಹೆದರ್ಬೇಡ, ವ್ಯಾನ್‌ನಿಂದ ಬಂದಾಗೆಲ್ಲ ನೋಡ್ತಿರ್ತೀನಿ" ಎಂದರು.

"ಸರ್, ಆ ಗಂಟು ನಂದ್ರಿ."

ನಲ್ಲಿಯ ಸದ್ದಿನಲ್ಲಿ ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಅವಳು ನಲ್ಲಿ ತಿರುಗಿಸಿ ಮತ್ತೆ ಹೇಳಬೇಕಾಯಿತು.

"ಕೆಂಚೀದು. ಬಲಗಡೆ ಗಂಟು ನಂದ್ರಿ. ನೀವು ಬರೇ ಚಿಮುಟ ಹಾಕಿ ಹೋಗಿದ್ರಿ. ಕಟ್ಟಿರಲಿಲ್ಲ. ನೀವು ಇರು ಅಂದ್ರಿ, ನಾ ಕಾಯಲಿಲ್ಲ. ಕಟ್ಟಿದಾಗ ಸರದಂಗಾತು, ಬೆರಳಿಗೆ ಗೊತ್ತಾತು. ಇನ್ನೊಂದು ಹಾಕಲಿಲ್ಲ."

ನೂರುಲ್ಲಾ ಕನ್ನಡಕ ಹಾಕಿಕೊಂಡರು. ಬಲಗೈಯನ್ನು ಎತ್ತಿ, ಅಂಗೈ ತಿರುವಿ, ಅಲ್ಲೇನೋ ಇದೆಯೆಂಬಂತೆ ನೋಡಿದರು. ಬೈದರೆ ಸಾಕು ಎಂದು ಅವಳು ಕಾದಳು.

"ಗಂಟು ಜಾರೋದು ಯಾರಿಗಾದ್ರೂ ಆಗತ್ತೆ" ಎಂದರು ಕೊನೆಗೆ. ಧ್ವನಿ ಏರಿರಲಿಲ್ಲ. "ಅದಕ್ಕಲ್ಲ. ಆ ಬೆಂಚ್ ಮೇಲೆ ನಾನು ನಿನ್ನ ಕೇಳ್ದೆ, ಎಲ್ಲಿ ತಪ್ದೆ ಹೇಳು ಅಂತ. ನೀನು ಕೊಬ್ಬು ಅಂದೆ. ನಾನು ಅದನ್ನ ಕಲ್ತೆ. ದಪ್ಪ ನಾಯಿ ಕಂಡ್ರೆ ಹೆದರೋದನ್ನ ಕಲ್ತೆ. ನೀನು ಕಲಿಸಿದ್ದು ಅಂತ ಕಲ್ತೆ ನಾನು."

"ಸರ್, ತಪ್ಪಾತ್ರಿ."

"ಹೊರಗೆ ಎಲ್ರೂ ಇನ್ನೂ ಕೂತಿದಾರೆ" ಎಂದರು. "ಬನ್ನಿ ಡಾಕ್ಟ್ರೇ."

ಅವರು ಅವಳನ್ನು ಬೇಟಾ ಎನ್ನದೆ ಹಾಗೆ ಕರೆದದ್ದು ಅದೇ ಮೊದಲು.

ಮರದ ಕೆಳಗೆ ಅವಳು ನಿಂತುಕೊಂಡೇ ಹೇಳಿದಳು. ಬೇರೆ ಶನಿವಾರಗಳಲ್ಲಿ ಒಬ್ಬರು ಹೇಳಿ ಮುಗಿಸಿದ ಕೂಡಲೇ ಇನ್ನೊಬ್ಬರು, "ನನಗೂ ಹಿಂಗೇ ಆಗಿತ್ತು" ಎನ್ನುತ್ತಿದ್ದರು. ಆ ದಿನ ಯಾರೂ ಅನ್ನಲಿಲ್ಲ. ಯಶೋಧಾ ನೆಲ ನೋಡುತ್ತ ಕೂತಿದ್ದರು. ಆಂಜಿನಪ್ಪ ಎದ್ದು ಗೂಡುಗಳ ಕಡೆ ಹೋದ.

ನೂರುಲ್ಲಾ ಅವರೇ ಕೇಳಿದರು. "ಸರಿದಾಗ ಬೆರಳಿಗೆ ಹೆಂಗನ್ನಿಸ್ತು, ಅದನ್ನ ಹೇಳಿ. ಎಲ್ರಿಗೂ ಗೊತ್ತಾಗ್ಲಿ."

ಅವಳು ತಡವರಿಸಿದಳು. "ಸೋಪ್ ಹಚ್ಚಿದ ಕೈಯಾಗ ಬಳಿ ಸರದಂಗ್ರಿ. ಸರದು, ನಿಂತಂಗಾತು. ನಿಂತಿತು ಅಂತ ಬಿಟ್ಟೆ. ನಿಂತಿರಲಿಲ್ಲ."

"ಎಡಗೈ ಬೆರಳಿಗಾ, ಬಲಗೈಗಾ?"

"ಎಡಗೈರಿ. ತೋರುಬೆರಳಿಗೆ."

ಅವರು ಕೇಳುತ್ತ ಹೋದರು, ಇವಳು ಹೇಳುತ್ತ ಹೋದಳು. ಚಿಮುಟ ಎಷ್ಟು ದೂರದಲ್ಲಿತ್ತು, ದಾರ ಒದ್ದೆಯಾಗಿತ್ತೇ, ಬಿಟ್ಟ ಮೇಲೆ ಎಷ್ಟು ಹೊತ್ತು ನೋಡಿದೆ. ಅವರ ಪ್ರಶ್ನೆಗಳಲ್ಲಿ ಕರುಣೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. ಯಶೋಧಾ ನಿಧಾನವಾಗಿ ತಲೆಯೆತ್ತಿ, ತಮಗೆ ಅರಿವಿಲ್ಲದೆಯೇ ತೋರುಬೆರಳನ್ನು ಹೆಬ್ಬೆರಳಿಗೆ ಉಜ್ಜಿಕೊಳ್ಳುತ್ತಿದ್ದರು. ಎಲ್ಲ ಮುಗಿದ ಮೇಲೆ, "ಒಬ್ಬಳೇ ಟೇಬಲ್ ಸದ್ಯಕ್ಕೆ ಬೇಡ ಭಾಗ್ಯಶ್ರೀ" ಎಂದರು. "ಸರ್, ನೀವು ಸೋಮವಾರ ಟೇಬಲ್‌ಗೆ ಬರ್ತೀರಾ?"

"ನೋಡೋಣ" ಎಂದರು ನೂರುಲ್ಲಾ. "ಸೋಮವಾರ ವ್ಯಾನ್‌ಗೆ ಒಪ್ಕೊಂಡಿದೀನಿ. ಕೈ ಏನ್ ಹೇಳತ್ತೋ ಕೇಳ್ಬೇಕು."

ಅವರು ಸ್ಕೂಟರ್ ಹತ್ತಿ ಹೊರಟ ಮೇಲೆ ಭಾಗ್ಯಶ್ರೀ ಬಸ್ ನಿಲ್ದಾಣಕ್ಕೆ ಹೋಗದೆ ಸಿಂಗಾಪುರದ ಹಳೇ ಬೀದಿಯ ಕಡೆ ನಡೆದಳು.

ಮಾರಕ್ಕ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಮೇಲಿನ ಮಹಡಿಯಿಂದ ಯಾರದೋ ಟೀವಿಯ ಸದ್ದು ಬರುತ್ತಿತ್ತು. ಕೆಂಚಿ ಮಲಗುತ್ತಿದ್ದ ಜಗುಲಿಯ ಕೆಳಗೆ ಈಗ ಬಾಡಿಗೆಯವರ ಸ್ಕೂಟರ್ ನಿಂತಿತ್ತು.

"ಯಾರವ್ವ?" ಎಂದು ಕಣ್ಣು ಕಿರಿದು ಮಾಡಿ ನೋಡಿದಳು. "ಓ, ನಾಯಿ ಆಸ್ಪತ್ರೆಯೋಳು."

ಭಾಗ್ಯಶ್ರೀ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಈ ಸಲವೂ ಸುಲಭವಾಗಲಿಲ್ಲ. "ಅಜ್ಜಿ, ನಿಮ್ಮ ಕೆಂಚಿ ಸತ್ತದ್ದು ಆ ಡಾಕ್ಟರ್ ಕೈಯಿಂದಲ್ರಿ. ನನ್ನ ಕೈಯಿಂದ. ಅವ್ರಿಗೆ ಅದು ಗೊತ್ತಿರಲಿಲ್ಲ. ನನಗ ಗೊತ್ತಿತ್ತು, ನಾ ಹೇಳಿರಲಿಲ್ಲ" ಎಂದಳು.

ಮಾರಕ್ಕನ ಕೈ ಸೊಪ್ಪಿನ ಮೇಲೆ ನಿಂತಿತು.

"ನೀನಾ?"

"ಹೂಂರಿ."

"ಆವತ್ತು ಅವಪ್ಪನ ಬೆನ್ನಿಂದೆ ನಿಂತಿದ್ದೆ ನೀನು."

"ಹೂಂರಿ."

"ನಾನು ಅಷ್ಟೊಂದು ಬೈತಿದ್ರೆ ಕೇಳ್ಕೊಂಡು ನಿಂತಿದ್ದೆ."

ಭಾಗ್ಯಶ್ರೀ ಬೈಗುಳ ಬರಲಿ ಎಂದು ತಲೆ ತಗ್ಗಿಸಿ ಕೂತಳು. ಬರಲಿಲ್ಲ. ಮಾರಕ್ಕ ಒಂದು ದಂಟನ್ನು ಎತ್ತಿಕೊಂಡು, ಎಲೆ ಬಿಡಿಸದೆ, ಹಾಗೇ ಕೆಳಗಿಟ್ಟಳು.

"ನೋವಾಗಿತ್ತಾ ಅದ್ಕೆ?"

ಮತ್ತಿನಲ್ಲಿತ್ತು, ಗೊತ್ತಾಗಿರಲಿಕ್ಕಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಭಾಗ್ಯಶ್ರೀ ಅದನ್ನು ನುಂಗಿಕೊಂಡಳು. "ಆಗಿತ್ರಿ. ರಾತ್ರಿ ಅತ್ತಿತ್ತಂತ."

ಮುದುಕಿ ಜಗುಲಿಯ ಕೆಳಗೆ ಒಮ್ಮೆ ಬಗ್ಗಿ ನೋಡಿದಳು. ಹಾಲಿನ ಬೂತಿಗೆ ಹೋಗುವವರು ಬಂದರು, ಹೋದರು.

"ಆ ಸಾಬ್ರು ಎಂಗವ್ರೆ?" ಎಂದಳು ಮಾರಕ್ಕ.

ಭಾಗ್ಯಶ್ರೀ ಹೇಳಿದಳು. ಅವರು ಬೆಂಚಿಗೆ ದಾರ ಕಟ್ಟಿ ಅಭ್ಯಾಸ ಮಾಡುತ್ತಿದ್ದುದು, ಬೆರಳು ನಡುಗುತ್ತಿದ್ದುದು, ಟೇಬಲ್ ಬಿಟ್ಟು ವ್ಯಾನಿಗೆ ಹೊರಟಿದ್ದು. ಹೇಳುತ್ತಿದ್ದಂತೆ ಮಾರಕ್ಕನ ಮುಖ ಕಳೆಗುಂದಿತು.

"ಕೈ ಸೇದೋಗ ಅಂದ್ಬುಟ್ನಲ್ಲವ್ವ ನಾನು" ಎಂದಳು. "ಇಷ್ಟ್ ವಯಸ್ಸಾಯ್ತು, ಯಾರ್ಗೂ ಆ ಮಾತು ಅಂದೋಳಲ್ಲ. ಏನೂ ಮಾಡ್ದೇ ಇರೋ ಮನುಸಂಗೆ ಅಂದ್ಬುಟ್ಟೆ. ಅವ್ನು ತಿರುಗಿ ಒಂದ್ ಮಾತೂ ಆಡ್ಲಿಲ್ಲ."

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಮಾತು ಮುಗಿಯಿತೇನೋ, ಎದ್ದು ಹೋಗಬೇಕೇನೋ ಎಂದು ಭಾಗ್ಯಶ್ರೀಗೆ ಗೊತ್ತಾಗಲಿಲ್ಲ. ಒಳಗಿನಿಂದ ಪೆಟ್ಟಿಗೆಯ ಮುಚ್ಚಳದ ಸದ್ದು ಬಂತು. ಮಾರಕ್ಕ ಹೊರಬಂದಾಗ ಬೇರೆ ಸೀರೆ ಉಟ್ಟಿದ್ದಳು. ತಲೆಗೆ ನೀರು ಸವರಿ ಬಾಚಿಕೊಂಡಿದ್ದಳು.

"ಅವಪ್ಪನ ಮನೆ ಎಲ್ಲದೆ ಗೊತ್ತಾ ನಿಂಗೆ?"

"ಆರ್.ಟಿ. ನಗರದಾಗ್ರಿ."

"ಏಳು. ತೋರ್ಸು ನಡಿ."

"ಈಗಾ ಅಜ್ಜಿ? ಸೋಮವಾರ ಅವ್ರ ಇಲ್ಲೇ..."

"ಸೋಮಾರದ ಗಂಟ ನಾನು ಇದ್ನ ಒಟ್ಟೇಲಿ ಇಟ್ಕೊಂಡು ಕೂರ್ಲಾ? ನಿಂಗೆ ಆಯ್ತದೆ, ನಂಗಾಗಲ್ಲ."

ಬೀದಿಯ ಕೊನೆಗೆ ಆಟೋ ಸಿಕ್ಕಿತು. ಮಾರಕ್ಕ ದಾರಿಯಲ್ಲಿ ಆಟೋ ನಿಲ್ಲಿಸಿ ಬಾಳೆಹಣ್ಣು ಕೊಂಡಳು, ಬರಿಗೈಯಲ್ಲಿ ಹೋಗಬಾರದೆಂದಳು. ಆಟೋ ಕೊಡಿಗೇಹಳ್ಳಿ ದಾಟಿತು. ಹೆಬ್ಬಾಳದ ಮೇಲ್ಸೇತುವೆಯನ್ನು ಹತ್ತುವಷ್ಟರಲ್ಲಿ ಎಂದಿನಂತೆ ವಾಹನಗಳು ಒತ್ತೊತ್ತಾಗಿ ನಿಂತಿದ್ದವು. ವಿಮಾನ ನಿಲ್ದಾಣದ ಕಡೆಯಿಂದ ಬಂದ ಬಸ್ಸೊಂದು ಪಕ್ಕದಲ್ಲಿ ಉಸ್ಸೆಂದು ನಿಂತಿತು. ಕೆಳಗೆ ಕೆರೆಯ ನೀರಿನ ಮೇಲೆ ಕೊನೆಯ ಬೆಳಕಿತ್ತು. ಡ್ರೈವರ್ ಇಂಜಿನ್ ಆರಿಸಿದ.

ಮಾರಕ್ಕ ಹಣ್ಣಿನ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು.

"ಎಂಗ್ ಸುರು ಮಾಡ್ದೆ ನೀನು, ಅವಪ್ಪಂಗೆ ಯೋಳುವಾಗ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಆ ಗಂಟು ನಂದ್ರಿ ಅಂದೆ."

"ಅಷ್ಟೇಯಾ?"

"ಮೊದಲನೇ ಸಲ ಅವ್ರಿಗೆ ಕೇಳಿಸಲಿಲ್ರಿ. ಎರಡು ಸಲ ಹೇಳಬೇಕಾತು."

ಮಾರಕ್ಕ ಸ್ವಲ್ಪ ಯೋಚಿಸಿದಳು. "'ಅಪ್ಪಾ, ಆವತ್ತು ನಾನು ಅಂದದ್ದು...' ಇಂಗಂದ್ರೆ ಆದೀತಾ?"

"ಅನ್ರಿ, ಅಜ್ಜಿ."

"ಅಂದದ್ದು... ಅಂದದ್ದು ವಾಪಸ್ ತಕ್ಕಂಡೆ ಅನ್ನೋದಾ? ಮಾತ್ನ ಎಂಗ್ ವಾಪಸ್ ತಕ್ಕಳೋದು?"

ಮುಂದಿನ ಕಾರು ಒಂದು ಮಾರು ಸರಿಯಿತು. ಡ್ರೈವರ್ ಇಳಿದು ಆಟೋವನ್ನು ಕೈಯಿಂದಲೇ ಅಷ್ಟು ದೂರ ತಳ್ಳಿದ, ಮತ್ತೆ ಬಂದು ಕೂತ. ಮಾರಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಸದ್ದಿಲ್ಲದೆ ಅವಳ ತುಟಿಗಳು ಅಲುಗುತ್ತಿದ್ದವು. ಎಲ್ಲೋ ತಡೆದು ನಿಂತವು. ಅವಳು ತಲೆಯಾಡಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿದಳು.